ಗಾದ್ರಮ್ಮ ಕೋಂ ಬೋರಣ್ಣ

ನನ್ನ ದನಿ ಮೂರನೆಯ ಬೆಂಚಿಗೇ ನಿಂತುಹೋಗುತ್ತದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ನ್ಯಾಮತಿಯ ಮನೆಗೆ ಬರೆಯುವ ಕಾಗದದಲ್ಲೂ ಬರೆದಿಲ್ಲ. ಡೈರಿಯಲ್ಲಿ ಮಾತ್ರ, ಅದೂ ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ, ನಾಲ್ಕೈದು ಸಲ ಬರೆದುಕೊಂಡಿದ್ದೇನೆ. ಬಿ.ಎ. ಆಯಿತು, ಬಿ.ಎಡ್. ಆಯಿತು, ಜಗಳೂರಿನ ಹುಡುಗಿಯರ ಹೈಸ್ಕೂಲಿಗೆ ಟೀಚರಾಗಿ ಬಂದು ಏಳು ತಿಂಗಳೂ ಆಗಿತ್ತು. ಎಂಟನೆಯ ತರಗತಿಯ ಹಿಂದಿನ ಸಾಲಿನ ಹುಡುಗಿಯರು ಆಗಲೂ ನನ್ನ ತುಟಿ ನೋಡಿಕೊಂಡೇ ಪಾಠ ಬರೆದುಕೊಳ್ಳುತ್ತಿದ್ದರು.

ಅವರಲ್ಲಿ ಕೊಟ್ರಮ್ಮ ಎಂಬವಳು ಒಂದು ದಿನ ಪುಸ್ತಕ ಎತ್ತಿಕೊಂಡು ಬಂದು ನನ್ನ ಮೇಜಿನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟಳು. ಯಾಕೆ ಎಂದರೆ, ಅಲ್ಲಿಗೆ ಕೇಳಲ್ಲ ಟೀಚರ್ ಅಂದಳು. ಅದರಲ್ಲಿ ದೂರಿರಲಿಲ್ಲ, ಬಸ್ಸು ಬಂತು ಎಂದು ಹೇಳುವಷ್ಟು ಸಹಜವಾಗಿತ್ತು.

ಎಂಬತ್ತೆರಡರ ಡಿಸೆಂಬರಿನಲ್ಲಿ ಪೌರನೀತಿಯ ಪಾಠ ಬಂತು. ಹೊರಗೆ ನಿಜವಾದ ಎಲೆಕ್ಷನ್ ಜೀಪುಗಳು ಮೈಕು ಕಟ್ಟಿಕೊಂಡು ಓಡಾಡುತ್ತಿದ್ದವು, ಒಳಗೆ ನಾನು ಮತದಾನದ ಬಗ್ಗೆ ಪುಸ್ತಕದಿಂದ ಓದುತ್ತಿದ್ದೆ. ಹುಡುಗಿಯರ ಕಿವಿ ಪೂರಾ ಜೀಪಿನ ಕಡೆ. ಮರುದಿನ ಸೀಮೆಸುಣ್ಣದ ಡಬ್ಬಿಗೆ ಬಾಯಿ ಕೊರೆದು ತಂದೆ. ಕ್ಲಾಸ್ ಲೀಡರ್ ಎಂದರೆ ಅಲ್ಲಿಯವರೆಗೆ ಎತ್ತರದ ಹುಡುಗಿ, ಹೆಡ್‌ಮಾಸ್ಟರು ಬೆರಳು ತೋರಿಸಿದವಳು. ಈ ಸಲ ನೀವೇ ಆರಿಸಿಕೊಳ್ಳಿ ಎಂದೆ. ಆಮೇಲೆ ಎರಡು ದಿನ ತರಗತಿ ನನ್ನ ಕೈಯಲ್ಲಿ ಇರಲೇ ಇಲ್ಲ. ಒಬ್ಬಳು ಕುಡಿಯುವ ನೀರಿನ ಕೊಡ ದಿನಾ ತಾನೇ ತುಂಬಿಸುತ್ತೇನೆ ಅಂದಳು. ಇನ್ನೊಬ್ಬಳು ಕಿಟಕಿ ಪಕ್ಕದ ಜಾಗ ವಾರಕ್ಕೊಬ್ಬರಿಗೆ ಅಂದಳು. ಕೊಟ್ರಮ್ಮ ಮಾತ್ರ, ನನ್ನ ಗೆಲ್ಲಿಸಿದರೆ ಟೀಚರಿಗೆ ಗಟ್ಟಿಯಾಗಿ ಮಾತಾಡಾಕೆ ಹೇಳ್ತೀನಿ ಎಂದು ಪ್ರಚಾರ ಮಾಡಿದಳು. ನಲವತ್ತೊಂದರಲ್ಲಿ ಅವಳಿಗೇ ಇಪ್ಪತ್ತಾರು ಓಟು ಬಿದ್ದವು. ಎಣಿಸುವಾಗ ನನಗೇ ನಗು ತಡೆಯಲಾಗಲಿಲ್ಲ. ನನ್ನ ಗುಟ್ಟು ಎಂದುಕೊಂಡಿದ್ದಕ್ಕೆ ಇಡೀ ತರಗತಿ ಬಹುಮತ ಕೊಟ್ಟಿತ್ತು.

ಗೆದ್ದವಳು ಕೂರಲಿಲ್ಲ. ಅವಳಿಗೊಂದು ಪ್ರಶ್ನೆ ಇತ್ತು.

"ಟೀಚರ್, ಇಷ್ಟು ಸುಲಭ ಐತೆ ಅಂದ್ರೆ, ನಮ್ಮಜ್ಜಿ ಓಟು ಯಾಕೆ ಯಾವಾಗ್ಲೂ ಆಗಿಬಿಟ್ಟಿರ್ತೈತೆ?"

ಅವಳಜ್ಜಿ ಪ್ರತಿ ಎಲೆಕ್ಷನ್ನಿಗೂ ಹೊಲದ ಕೆಲಸ ಮುಗಿಸಿ, ಮುಖ ತೊಳೆದು ಹೋಗುತ್ತಾಳಂತೆ. ಬಾಗಿಲಲ್ಲಿ ಯಾರೋ ಒಬ್ಬರು ನಿಂದು ಆಗೈತೆ ಹೋಗಜ್ಜಿ ಅನ್ನುತ್ತಾರಂತೆ. ಅಜ್ಜಿ ಸರಿ ಎಂದು ಮನೆಗೆ ಬಂದು ಮುದ್ದೆಗೆ ಎಸರಿಡುತ್ತಾಳಂತೆ. ಓಟು ಎಂದರೆ ನಾವು ಹೋಗುವುದರೊಳಗೆ ತಾನಾಗಿ ಆಗಿಬಿಡುವ ಏನೋ ಒಂದು ಎಂದೇ ಅವಳು ತಿಳಿದಿದ್ದಾಳೆ. ಹುಡುಗಿಯರೆಲ್ಲ ನಕ್ಕರು, ಕೊಟ್ರಮ್ಮನೂ ನಕ್ಕಳು, ಆದರೆ ನಿಂತೇ ಇದ್ದಳು. ಈ ಸಲ ಹಾಗಾಗಲ್ಲ, ಅಜ್ಜಿಯನ್ನು ತಪ್ಪದೆ ಕಳಿಸು ಎಂದೆ. ಮೆಲ್ಲಗೇ ಹೇಳಿದ್ದು. ಅವಳು ಮುಂದೆಯೇ ಇದ್ದಳಲ್ಲ, ಕೇಳಿಸಿಕೊಂಡಳು.

ನನ್ನ ಕೈಯಲ್ಲಿಲ್ಲದ್ದಕ್ಕೆ ಮಾತು ಕೊಟ್ಟುಬಿಟ್ಟೆ ಎಂದು ಆ ಸಂಜೆ ಡೈರಿಯಲ್ಲಿ ಬರೆದೆ. ಓಟಿನ ಪಾಠ ಹೇಳುವ ನಾನು ಒಂದು ಸಲವೂ ಓಟು ಹಾಕಿದವಳಲ್ಲ. ನಮ್ಮ ತಂದೆ ಮಹೇಶ್ವರಪ್ಪನವರು ಅಡಿಕೆ ವ್ಯಾಪಾರದ ಮನುಷ್ಯ. ಎಲೆಕ್ಷನ್ ದಿನ ಪೂಜೆ ಮುಗಿಸಿ ಎದ್ದು ಒಂದು ಗುರುತಿನ ಹೆಸರು ಹೇಳುತ್ತಿದ್ದರು, ಅವ್ವ ಮತ್ತು ಚಿಕ್ಕಮ್ಮಂದಿರು ಸಾಲಾಗಿ ಹೋಗಿ ಒತ್ತಿ ಬರುತ್ತಿದ್ದರು. ನನಗೆ ಇಪ್ಪತ್ತೊಂದು ತುಂಬಿದ್ದು ಯಾರ ಗಮನಕ್ಕೂ ಬರಲಿಲ್ಲ, ನಾನೂ ನೆನಪಿಸಲಿಲ್ಲ. ಈ ಸಲ ಟೀಚರುಗಳಿಗೆಲ್ಲ ಎಲೆಕ್ಷನ್ ಡ್ಯೂಟಿ ಎಂದಾಗಿತ್ತು. ಡ್ಯೂಟಿಗೆ ಹೋಗುವವರು ಅಂಚೆಯಲ್ಲಿ ಓಟು ಕಳಿಸಬಹುದು, ಅದಕ್ಕೆ ಅರ್ಜಿ ಕೊಡಬೇಕು. ಯಾರನ್ನು ಕೇಳುವುದು ಎಂದು ಸಂಕೋಚಪಡುತ್ತಲೇ ಆ ತಾರೀಖೂ ದಾಟಿಸಿದೆ.

ಅಷ್ಟರಲ್ಲಿ ಯಾವ ಊರಿಗೆ ಎಂಬ ಡ್ಯೂಟಿಯ ಆರ್ಡರ್ ಬಂತು. ಊರಿನ ಹೆಸರು ಓದಿದವಳೇ ಕುರ್ಚಿಯಿಂದ ಎದ್ದೆ. ಸೊಕ್ಕೆ ಕಡೆಯ ಸಣ್ಣ ಹಳ್ಳಿ, ಕೊಟ್ರಮ್ಮನ ಊರೇ. ಮತ್ತೆ ಮತ್ತೆ ಓದಿದೆ.

ಜನವರಿ ನಾಲ್ಕರ ಮಧ್ಯಾಹ್ನ ಮತಪೆಟ್ಟಿಗೆಗಳ ಜೊತೆ ಲಾರಿಯಲ್ಲಿ ಹೊರಟೆವು. ಚಳಿಗಾಳಿ, ಕಟಾವಾದ ಮೆಕ್ಕೆಜೋಳದ ಕೂಳೆ, ದಾರಿಗೆ ಅಡ್ಡ ಬಂದ ಕುರಿಹಿಂಡು. ಎಲ್ಲವೂ ನನಗೆ ಹಬ್ಬದ ಹಾಗೆ ಕಂಡಿತು. ಮತಗಟ್ಟೆಯ ಮುಖ್ಯ ಅಧಿಕಾರಿ ಹೊನ್ನಾಳಿ ಕಡೆಯ ಷಣ್ಮುಖಪ್ಪ. ರಿಟೈರಾಗಲು ಎರಡು ವರ್ಷವಿದ್ದ, ಒಂದು ಕಪ್ಪು ಚುಕ್ಕೆಯೂ ಬೀಳಬಾರದೆಂದು ಹೆದರುತ್ತಿದ್ದ ಒಳ್ಳೆಯ ಮನುಷ್ಯ. ಮತದಾರರ ಪಟ್ಟಿ ನನ್ನ ಕೈಗೆ ಕೊಟ್ಟು ಹೇಳಿದರು:

"ರುದ್ರಾಣಮ್ಮ, ಬಂದವ್ರ ಹೆಸರು ಗಟ್ಟಿಯಾಗಿ ಓದ್ಬೇಕು, ಏಜೆಂಟರ ಕಿವಿಗೆ ಬೀಳ್ಬೇಕು. ಆಮೇಲೆ ಹೆಸರಿನ ಕೆಳಗೆ ಗೆರೆ, ಹೆಂಗಸ್ರಾದ್ರೆ ಪಕ್ಕದಲ್ಲಿ ಟಿಕ್ಕು. ತಪ್ಪು ಗೆರೆ ಬಿದ್ರೆ ಆಗಲೇ ಹೇಳು, ತಿದ್ದಿ ಸಹಿ ಹಾಕ್ತೀನಿ. ತಡವಾಯ್ತೋ, ಇಬ್ರ ಮೇಲೂ ರಿಪೋರ್ಟ್ ಹೋಗ್ತೈತೆ. ನಿನ್ನ ನೌಕರಿ ಇನ್ನೂ ಖಾಯಂ ಆಗಿಲ್ಲ, ನೆನಪಿರ್ಲಿ."

ನನ್ನಿಂದ ಆಗದ ಕೆಲಸ ಯಾವುದೋ ಅದನ್ನೇ ಹುಡುಕಿ ಕೊಟ್ಟಿದ್ದರು.

ಹೊತ್ತು ಇಳಿಯುವ ಮುಂಚೆ ಕೊಟ್ರಮ್ಮನ ದಂಡು ಕಣ್ಣಿಗೆ ಬಿತ್ತು. ನಾಲ್ಕು ಹುಡುಗಿಯರು, ಒಂದು ತಟ್ಟೆಯಲ್ಲಿ ಕುಂಕುಮದ ನೀರು, ಬದನೆಕಾಯಿ ತೊಟ್ಟಿನ ಮುದ್ರೆ, ಹಳೇ ಪೇಪರಿನ ಮೇಲೆ ಇದ್ದಿಲಿನಲ್ಲಿ ಬರೆದ ಕೊಡ, ಮರ, ಕುರಿ. ಕಟ್ಟೆಯ ಮೇಲೆ ಕೂತ ಹೆಂಗಸರಿಗೆ ಒತ್ತುವುದನ್ನು ಕಲಿಸುತ್ತಿದ್ದರು. ಹೆಂಗಸರು ಮೂರಕ್ಕೂ ಒಂದೊಂದು ಒತ್ತುತ್ತಿದ್ದರು, ಯಾರಿಗೂ ಬೇಜಾರಾಗಬಾರದು ಎಂದು. ಒಂದಕ್ಕೇ ಒತ್ಬೇಕು, ಎಲ್ರಿಗೂ ಹಂಚಾಕೆ ಇದೇನು ಪ್ರಸಾದ ಅಲ್ಲ ಎಂದು ಕೊಟ್ರಮ್ಮ ಗದರುತ್ತಿದ್ದಳು. ನಾನು ಇದ್ಯಾವುದನ್ನೂ ಹೇಳಿಕೊಟ್ಟಿರಲಿಲ್ಲ. ಒಂದು ಸೀಮೆಸುಣ್ಣದ ಡಬ್ಬಿಯಿಂದ ಇಷ್ಟೆಲ್ಲ ಹುಟ್ಟಬಹುದೇ ಎಂದು ಮತಗಟ್ಟೆಯಾಗಿದ್ದ ಆ ಊರಿನ ಶಾಲೆಯ ಗೋಡೆಗೆ ಒರಗಿ ನೋಡುತ್ತಾ ನಿಂತೆ. ಬಹಳ ದೊಡ್ಡದು ನಡೆಯುತ್ತಿದೆ, ಇವರಿಗೆ ಅದು ಗೊತ್ತಿಲ್ಲ, ಗೊತ್ತಿಲ್ಲದ್ದರಿಂದಲೇ ಇಷ್ಟು ಚೆನ್ನಾಗಿ ಮಾಡುತ್ತಿದ್ದಾರೆ ಅನಿಸಿತು.

ಮರುದಿನ ಬೆಳಿಗ್ಗೆ ಎಂಟಕ್ಕೇ ಹೆಂಗಸರ ಸಾಲು ಬಾಗಿಲಿನಿಂದ ಬೇವಿನ ಮರದವರೆಗೆ. ಪಟ್ಟಿಯಲ್ಲಿ ಪ್ರತಿ ಹೆಂಗಸಿನ ಹೆಸರಿನ ಮುಂದೆ 'ಕೋಂ' ಎಂದು ಬರೆದು ಗಂಡನ ಹೆಸರು ಹಾಕಿರುತ್ತಾರೆ. ಆ ಊರಿನಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ, ಗಂಡ ಸತ್ತಿದ್ದರೂ ಹೇಳುವುದಿಲ್ಲ. ನಾನು ಕೇಳಿದ ತಕ್ಷಣ ಸೆರಗು ಬಾಯಿಗೆ ಹೋಗುತ್ತಿತ್ತು. ಹಿಂದೆ ನಿಂತವಳು ಇವಳ ಗಂಡನ ಹೆಸರು ಹೇಳುವಳು, ತನ್ನ ಸರದಿ ಬಂದಾಗ ತಾನೂ ಹಿಂದಕ್ಕೆ ತಿರುಗುವಳು. ಇಡೀ ಸಾಲು ಹೀಗೇ ಒಬ್ಬರಿಂದೊಬ್ಬರಿಗೆ ಸಾಗುತ್ತಿತ್ತು. ಕೊನೆಯವಳು ಮಾತ್ರ ಹಿಂದೆ ಇನ್ನೊಬ್ಬಳು ಬರುವವರೆಗೆ ಕಾಯಬೇಕಿತ್ತು.

ನಾನು ಓದುತ್ತಿದ್ದದ್ದು ಗೋಡೆಯ ಪಕ್ಕ ಕೂತಿದ್ದ ಇಬ್ಬರು ಏಜೆಂಟರಿಗೆ ಮುಟ್ಟುತ್ತಿರಲಿಲ್ಲ. ಒಬ್ಬರು ಬೆನಕಪ್ಪ, ಇನ್ನೊಬ್ಬರು ಎದುರು ಪಾರ್ಟಿಯ ಮಲ್ಲೇಶಪ್ಪ. ಬೆನಕಪ್ಪನವರು ಒಂದೆರಡು ಸಲ ಕಿವಿಗೆ ಕೈ ಹಿಡಿದರು. ಗುಪ್ತ ಮತದಾನ ಅಂದ್ರೆ ಹೆಸರೂ ಗುಪ್ತನೇನ್ರೀ ಟೀಚರಮ್ಮ ಎಂದು ಕೇಳಿ ಎಲ್ಲರನ್ನೂ ನಗಿಸಿದರು. ನನ್ನ ದನಿ ಇನ್ನೂ ಇಳಿಯಿತು. ಆಮೇಲೆ ಅವರೂ ಬೇಸತ್ತು ಬೀಡಿಯ ಮಾತಿಗೆ ತಿರುಗಿದರು.

ಹನ್ನೊಂದರ ಹೊತ್ತಿಗೆ ಸಾಲು ತೆಳುವಾಯಿತು. ಕಂಕುಳಲ್ಲಿ ಮಗು ಇಟ್ಟುಕೊಂಡು ಒಬ್ಬಳು ಬಂದಳು. ಹೆಸರು ಗಾದ್ರಮ್ಮ ಅಂದಳು. ಗಂಡನ ಹೆಸರಿಗೆ ಹಿಂದೆ ತಿರುಗಿದಳು, ಯಾರೂ ಇರಲಿಲ್ಲ. ಮಗು ಅಳುತ್ತಿತ್ತು, ಬೇಗ ಬೇಗ ಎಂದು ಷಣ್ಮುಖಪ್ಪನವರು ಕೈ ಆಡಿಸುತ್ತಿದ್ದರು. ಏಜೆಂಟರನ್ನು ಗಟ್ಟಿಯಾಗಿ ಒಂದು ಮಾತು ಕೇಳಿದ್ದರೆ ಮುಗಿದಿತ್ತು. ನಾನು ಪಟ್ಟಿಯಲ್ಲಿ ಬೆರಳಾಡಿಸಿ, ಮೊದಲು ಸಿಕ್ಕ ಗಾದ್ರಮ್ಮನ ಹೆಸರಿಗೆ ಗೆರೆ ಎಳೆದು ಟಿಕ್ಕು ಹಾಕಿದೆ. ಓದಿದೆ, ಆದರೆ ನನಗೇ ಕೇಳಿಸದ ಹಾಗೆ ಓದಿದೆ. ಅವಳು ಬೆರಳಿಗೆ ಮಸಿ ಹಾಕಿಸಿಕೊಂಡು, ಒತ್ತಿ, ಮಗುವಿನ ಕೆನ್ನೆಗೂ ಒಂದಿಷ್ಟು ಮಸಿ ಬಳಿದು ಹೋದಳು.

ಕೊಟ್ರಮ್ಮ ಅಜ್ಜಿಯನ್ನು ಕೈಹಿಡಿದು ಕರೆತಂದದ್ದು ಮೂರೂವರೆಗೆ. ಹುಡುಗಿಯನ್ನು ಹೊಸ್ತಿಲಲ್ಲೇ ನಿಲ್ಲಿಸಿದರು. ಅಜ್ಜಿ ಒಳಗೆ ಬಂದು, ಯಾರೂ ಕೇಳುವ ಮುಂಚೆಯೇ ಎಡಗೈಯ ತೋರುಬೆರಳನ್ನು ನನ್ನ ಮುಂದೆ ನೆಟ್ಟಗೆ ಹಿಡಿದಳು. ಸೀಗೆಪುಡಿ ಹಾಕಿ ಉಜ್ಜಿ ತೊಳೆದದ್ದು ಕಾಣುತ್ತಿತ್ತು. ಹೆಸರು ಗಾದ್ರಮ್ಮ ಅಂದಳು. ಬೋರಣ್ಣ ಅಂತ ಬರ್ಕೊಳ್ರಿ ಟೀಚರ್, ನಮ್ಮ ತಾತ ಎಂದು ಹೊಸ್ತಿಲಿನಿಂದ ಕೊಟ್ರಮ್ಮ ಹೇಳಿದಳು. ನನ್ನನ್ನು ನೋಡಿ ಅವಳ ಮುಖದ ತುಂಬ ನಗು.

ಇನ್ನೂರ ಹದಿನಾಲ್ಕು, ಗಾದ್ರಮ್ಮ ಕೋಂ ಬೋರಣ್ಣ. ಹೆಸರಿನ ಕೆಳಗೆ ಗೆರೆ ಇತ್ತು, ಪಕ್ಕದಲ್ಲಿ ಟಿಕ್ಕು.

ನನ್ನ ಬೆರಳು ಆ ಗೆರೆಯ ಮೇಲೆ ನಿಂತದ್ದನ್ನು ಕಂಡು ಬೆನಕಪ್ಪನವರು ಎದ್ದು ಬಂದು ಪಟ್ಟಿಗೆ ಬಗ್ಗಿದರು.

"ಬೋರಣ್ಣನ ಗಾದ್ರಮ್ಮಂದಾ? ಆಗೈತೆ. ನಡಿಯಜ್ಜಿ, ನಿಂದು ಆಗೈತೆ."

ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. ಬೆರಳು ಮಡಿಸಿಕೊಂಡಳು.

"ಈ ಸಲ ಬೆರಳೂ ತೊಳ್ಕಂಡು ಬಂದಿದ್ದೆ" ಎಂದು ಯಾರಿಗೂ ಅಲ್ಲದಂತೆ ಹೇಳಿ ಬಾಗಿಲ ಕಡೆ ತಿರುಗಿದಳು.

ಅಷ್ಟಕ್ಕೇ ಮಲ್ಲೇಶಪ್ಪನವರು ಎದ್ದರು. ಇದು ಕಳ್ಳ ಓಟು, ನಿಮ್ಮವರೇ ಹಾಕಿಸಿದ್ದು ಎಂದು ಬೆನಕಪ್ಪನವರ ಮೇಲೆ ಹೋದರು. ನಿಮ್ಮ ಬುದ್ಧಿ ನಮಗ್ಯಾಕೆ ಎಂದು ಅವರು. ಬೆಳಿಗ್ಗೆ ಬಂದಿದ್ದ ಗಾದ್ರಮ್ಮ ಯಾವಳು, ಪಾಲಣ್ಣನ ಹೆಂಡತಿಯಲ್ಲವೇ, ಅವಳೇ ಇದನ್ನು ಮಾಡಿರಬೇಕು, ಕರೆಸಿ ಬೆರಳು ನೋಡಿರಿ ಎಂಬಲ್ಲಿಗೆ ಮಾತು ಬಂದು ನಿಂತಿತು. ಅದೊಂದರಲ್ಲಿ ಇಬ್ಬರಿಗೂ ಒಮ್ಮತ ಇತ್ತು.

ನಾನು ಹಾಳೆ ತಿರುಗಿಸಿದೆ. ಇನ್ನೂರ ಮೂವತ್ತೊಂದು, ಗಾದ್ರಮ್ಮ ಕೋಂ ಪಾಲಣ್ಣ, ವಯಸ್ಸು ಇಪ್ಪತ್ತಾರು. ಗೆರೆಯಿಲ್ಲ, ಟಿಕ್ಕಿಲ್ಲ. ಬೋರಣ್ಣನ ಗಾದ್ರಮ್ಮನಿಗೆ ಅರವತ್ತೆರಡು. ಬೆಳಿಗ್ಗೆ ವಯಸ್ಸಿನ ಕಾಲಮ್ಮು ನೋಡಿದ್ದರೂ ಸಾಕಿತ್ತು.

ಷಣ್ಮುಖಪ್ಪನವರು ಹಣೆ ಒರೆಸಿಕೊಂಡು ನನ್ನ ಹತ್ತಿರ ಬಂದರು.

"ನೀನು ಸರಿಯಾಗೇ ಟಿಕ್ ಮಾಡಿದ್ದಲ್ಲಮ್ಮ?"

ಹೌದು ಎನ್ನು ಎಂದು ಅವರ ಮುಖ ಬೇಡಿಕೊಳ್ಳುತ್ತಿತ್ತು. ತಲೆ ಆಡಿಸಿದ್ದರೂ ಸಾಕಿತ್ತು, ದನಿಯೇ ಬೇಕಿರಲಿಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಜ್ಜಿ ಮನೆಗೆ ಹೋಗಿ ಎಸರಿಡುತ್ತಿದ್ದಳು, ಮಗುವಿನ ತಾಯಿ ಕಳ್ಳಿಯಾಗುತ್ತಿದ್ದಳು, ನನ್ನ ನೌಕರಿ ಉಳಿಯುತ್ತಿತ್ತು.

ಹೊಸ್ತಿಲಲ್ಲಿ ಅಜ್ಜಿ ಮೊಮ್ಮಗಳ ಕೈ ಹಿಡಿದು ನಡಿಯೇ ಎಂದು ಎಳೆದಳು. ಕೊಟ್ರಮ್ಮ ಕದಲಲಿಲ್ಲ. ಅವಳು ಪಟ್ಟಿಯನ್ನು ನೋಡುತ್ತಿರಲಿಲ್ಲ, ಜಗಳವಾಡುತ್ತಿದ್ದವರನ್ನೂ ನೋಡುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದಾಗ ನೋಡುತ್ತಿದ್ದ ಹಾಗೆ ನನ್ನ ತುಟಿ ನೋಡುತ್ತಿದ್ದಳು.

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಬೇವಿನ ಮರದ ಕೆಳಗೆ ನಿಂತಿದ್ದವರೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗಿದ್ದನ್ನು ಕಂಡಾಗಲೇ ನನ್ನ ದನಿ ಅಲ್ಲಿಯವರೆಗೂ ಹೋಗಿದೆ ಎಂದು ತಿಳಿದದ್ದು.

"ತಪ್ಪು ಗೆರೆ ಎಳೆದದ್ದು ನಾನು ಸಾರ್. ಈ ಗಾದ್ರಮ್ಮ ಇನ್ನೂ ಓಟು ಹಾಕಿಲ್ಲ."