ದ್ಯಾಮಮ್ಮನ ಕೈಗುಣ

ಕೋಳಿ ಹಿಕ್ಕೆಗೋಸ್ಕರ ಒಬ್ಬರ ಮನೆ ಬಾಗಿಲಲ್ಲಿ ನಿಂತು ಬೇಡೋ ಗತಿ ಬರ್ತದೆ ಅಂತ ಪಶು ಡಿಪ್ಲೊಮಾ ಓದುವಾಗ ಯಾರೂ ನಂಗೆ ಹೇಳಿರಲಿಲ್ಲ. ಹೇಳಿದ್ರೆ ನಮ್ಮಪ್ಪನ ಮಾತು ಕೇಳಿ ಟೀಚರ್ ಟ್ರೈನಿಂಗ್‌ಗೇ ಹೋಗ್ತಿದ್ದೆ. ನಾನು ವಿದ್ಯಾಶ್ರೀ. ರೊಳ್ಳ ಮಂಡಲದಾಗೆ ಮೂರು ಊರಿನ ದನ, ಕುರಿ, ಕೋಳಿಗೆಲ್ಲ ಸೂಜಿ ಹಾಕೋಳು ನಾನೇ. ಊರೋರ ಬಾಯಲ್ಲಿ ಮಾತ್ರ ಕೋಳಿ ಮೇಡಮ್ಮು.

ಆ ಶುಕ್ರವಾರ ಮಧ್ಯಾಹ್ನ ಮಡಕಶಿರದ ಬಸ್ಸಲ್ಲಿ ಮೂವತ್ತು ಮರಿ ಬಂದ್ವು. ತೂತು ಹೊಡೆದ ರಟ್ಟಿನ ಡಬ್ಬ, ಒಳಗೆ ಒಂದು ದಿನದ ಮರಿಗಳ ಚಿಂವ್‌ಗುಟ್ಟೋ ಗಲಾಟೆ. ತರಿಸಿದ್ದು ದ್ಯಾಮಮ್ಮಜ್ಜಿ.

ಈ ಅಜ್ಜಿಗೆ ಅರವತ್ತು ದಾಟೈತೆ, ಕಡ್ಲೆಕಾಯಿ ಬಿಡಿಸೋದ್ರಲ್ಲಿ ಇವತ್ತಿಗೂ ಸೊಸೇನ ಸೋಲಿಸ್ತದೆ. ನಮ್ಮೂರಲ್ಲಿ ಯಾರ ಮನೆ ಕೋಳಿ ಕಾವಿಗೆ ಕೂತ್ರೂ ಮೊಟ್ಟೆ ಇಡೋಕೆ ದ್ಯಾಮಮ್ಮನೇ ಬರ್ಬೇಕಿತ್ತು. ಆಯಮ್ಮನ ಕೈಗುಣ ಅಂಥದ್ದು, ಹದಿಮೂರು ಇಟ್ರೆ ಹನ್ನೆರಡು ಒಡೀತವೆ ಅನ್ನೋರು. ಎಲೆಅಡಿಕೆ ಕೊಟ್ಟು ಕಳಿಸೋರು. ಎರಡು ತಿಂಗಳ ಹಿಂದೆ ಅದೇ ಅಜ್ಜಿ ತಂದ ಐವತ್ತು ಮರೀಲಿ ನಲವತ್ಮೂರು ಎರಡೇ ವಾರದಲ್ಲಿ ಹೋದ್ವು. ಸುಣ್ಣದ ನೀರಿನಂಥ ಭೇದಿ, ಹಿಂದುಗಡೆ ಪುಕ್ಕ ಅಂಟಿಕೊಂಡು, ರೆಕ್ಕೆ ಜೋಲಿಸ್ಕೊಂಡು, ನಿಂತಲ್ಲೇ ಬೀಳ್ತಿದ್ವು. ಅಷ್ಟೇ ಸಾಕಾಯ್ತು ನೋಡಿ, ಅಜ್ಜಿ ಕೈಗುಣ ಹೋಯ್ತು ಅಂತ ಊರೆಲ್ಲ ಡಂಗುರ. ಪಕ್ಕದ ಮನೆ ಮಮತಾ ಕೋಳಿ ಕಾವಿಗೆ ಕೂರಿಸುವಾಗ ಹತ್ತು ಹೆಜ್ಜೆ ದೂರದ ಅಜ್ಜೀನ ಕರೀದೆ ಆಚೆ ಬೀದಿಯಿಂದ ಇನ್ಯಾರನ್ನೋ ಕರೆಸಿದ್ಳು.

“ಈ ಸಲನೂ ಮರಿ ಉಳೀಲಿಲ್ಲ ಅಂದ್ರೆ ಇನ್ನು ಕೋಳಿ ಮುಟ್ಟಲ್ಲ ಕಣಮ್ಮಿ” ಅಂತ ಅಜ್ಜಿ ನಂಗೆ ಹೇಳಿತ್ತು. ಹೇಳುವಾಗ ಎರಡು ಕೈನೂ ಸೆರಗಲ್ಲಿ ಸುತ್ತಿಕೊಂಡಿತ್ತು.

ಕೈಗುಣವಂತೆ, ಕೈಗುಣ! ಎಷ್ಟು ಸಲ ಬಡ್ಕೊಂಡಿದ್ದೀನಿ ಇವರಿಗೆ, ಎಲ್ಲ ಇರೋದು ಮರಿ ಕರುಳಲ್ಲಿ ಅಂತ. ಮಿಷನ್ನಲ್ಲಿ ಒಡೆದ ಮರಿ ತಾಯಿ ಮುಖ ನೋಡಿರಲ್ಲ. ಅದರ ಕರುಳು ಕಾಸಿ ಆರಿಸಿದ ಹಾಲಿದ್ದಂಗೆ, ಒಳಗೆ ಏನೂ ಇರಲ್ಲ. ತಾಯಿ ಹಿಂದೆ ಓಡಾಡೋ ಮರಿ ಅದರ ಹಿಕ್ಕೆ ಬಿದ್ದ ಕಡೆ ಕುಕ್ಕಿ ಕುಕ್ಕಿ ಒಳ್ಳೆ ಬ್ಯಾಕ್ಟೀರಿಯಾನೆಲ್ಲ ಹೊಟ್ಟೆಗೆ ತಗೊಂತದೆ, ಹಾಲಿಗೆ ಹೆಪ್ಪು ಬಿದ್ದಂಗೆ. ಅವು ಮೊದಲು ಹೋಗಿ ಜಾಗ ಹಿಡಕೊಂಡ್ರೆ ಆಮೇಲೆ ಕಾಯಿಲೇದು ಬಂದ್ರೂ ಕೂರೋಕೆ ಜಾಗ ಸಿಗಲ್ಲ. ಹೆಪ್ಪು ಬೀಳದ ಹಾಲು ಏನಾಗ್ತದೆ ಅಂತ ಯಾವ ಹೆಂಗಸಿಗೆ ಹೇಳಿಕೊಡ್ಬೇಕು?

ಅದಕ್ಕೇ ಈ ಸಲ ಮೊದಲ ದಿನಾನೇ ಆರೋಗ್ಯವಾಗಿರೋ ಕೋಳಿಯ ಹಸಿ ಹಿಕ್ಕೆ ಒಂದಿಷ್ಟು ನೀರಲ್ಲಿ ಕದಡಿ ಮರಿಗಳ ನುಚ್ಚಿಗೆ ಚಿಮುಕಿಸೋಣ ಅಂದ್ಕೊಂಡೆ. ಅದಕ್ಕೆ ಸಿಕ್ಕಸಿಕ್ಕ ಕೋಳೀದು ಆಗಲ್ಲ. ಬೀದಿ ಕೋಳಿಗಳ ರಕ್ತ ಒಂದೊಂದೇ ತೊಟ್ಟು ಬಿಳಿ ಟೈಲ್ಸಿನ ಚೂರಿನ ಮೇಲೆ ಹಾಕಿ, ಬಣ್ಣದ ಔಷಧಿ ಕಲಸಿ ನೋಡಿದ್ದೆ. ಅಜ್ಜಿಯ ಎರಡು ಹಳೇ ಕೋಳಿ ರಕ್ತ ರವೆ ರವೆಯಾಗಿ ಗಂಟು ಕಟ್ತು. ಅಂದ್ರೆ ಮೈತುಂಬ ಕಾಯಿಲೆ ಇಟ್ಕೊಂಡು ತಾವು ಮಾತ್ರ ಗುಂಡುಗುಂಡಗೆ ತಿರುಗ್ತಿದ್ದ ಮಹಾತಾಯಂದಿರು. ಅವನ್ನ ತೆಗೆಸಿ, ಗೂಡಿಗೆ ಸುಣ್ಣ ಹೊಡೆಸಿದ್ದಾಗಿತ್ತು. ಇಡೀ ಬೀದೀಲಿ ಯಾವ ಗಂಟೂ ಕಟ್ಟದೆ ಶುದ್ಧ ಅಂತ ಬಂದಿದ್ದು ಉಜ್ಜಿನಮ್ಮನ ಕೋಳಿ ಮಾತ್ರ.

ನನ್ನ ಹಣೆಬರಹ. ಬೇರೆ ಯಾರ ಕೋಳಿಯಾದ್ರೂ ಆಗಬಾರದಿತ್ತಾ! ಉಜ್ಜಿನಮ್ಮ ಕುರಿ ಸಾಕೋ ಮನೆಯೋಳು. ರಾಯದುರ್ಗದ ಹತ್ರ ಬೆಳುಗುಪ್ಪದಿಂದ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ಆದ್ರೂ ಆ ಕಡೆ ಮಾತೂ ಬಿಟ್ಟಿಲ್ಲ, ಹಠಾನೂ ಬಿಟ್ಟಿಲ್ಲ. ಸಂಜೆ ಹೋದೆ. ಅಜ್ಜಿ ಡಬ್ಬ ಎತ್ಕೊಂಡು ನನ್ನ ಹಿಂದೆ.

“ಉಜ್ಜಿನಕ್ಕ, ಒಂದು ಹಿಡಿ ಕೋಳಿ ಹಿಕ್ಕೆ ಬೇಕಿತ್ತು.”

“ಶುಕ್ರವಾರ ಐತ್ರಿ ಮೇಡಂ, ದೀಪ ಹಚ್ಚೋ ಹೊತ್ತು. ಮನಿಯಿಂದ ಏನೂ ಕೊಡಂಗಿಲ್ರಿ.”

“ಹಿಕ್ಕೆ ಕಣಕ್ಕ! ಅದೂ ಲಕ್ಷ್ಮಿನಾ?”

“ಕೋಳಿ ನಮ್ಮ ಮನೀದಲ್ಲೇನ್ರಿ? ನಾಳೆ ಬರ್ರಿ.”

“ನಾಳೆ ಹೊತ್ತಿಗೆ ಏನೇನು ಹೊಟ್ಟೆ ಸೇರಿರ್ತದೋ. ದಿನಾ ಗುಡಿಸಿ ತಿಪ್ಪೆಗೆ ಸುರೀತೀಯಲ್ಲಕ್ಕ, ಅದನ್ನೇ ಕೇಳ್ತಿರೋದು.”

“ನಮ್ಮ ತಿಪ್ಪಿಗೇ ಸುರೀತೀವ್ರಿ, ಮಂದಿ ತಿಪ್ಪಿಗಲ್ಲ.”

ತಲೆ ಚಚ್ಕೋಬೇಕು ಅನ್ನಿಸ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ ಕಾಲುಗಂಟೆ ಬಾರಿಸಿದೆ. ಹೆಪ್ಪು, ಹಾಲು, ಕರುಳು, ಎಲ್ಲ ಹೇಳಿದೆ. ಉಜ್ಜಿನಮ್ಮ ಕೇಳ್ಕೊಂಡು, ಆಮೇಲೆ ದನಿ ಇಳಿಸಿದ್ಳು. ಇಳಿಸಿದ್ರೇನು, ಅಜ್ಜಿಗೆ ಕೇಳೋಷ್ಟು ಇತ್ತು.

“ಖರೇ ಹೇಳ್ತೀನಿ, ಬೇಜಾರಾಗಬ್ಯಾಡ್ರಿ. ಆ ಅಜ್ಜಿ ಕೈ ಸರಿ ಇಲ್ರಿ ಈಗ. ನಲವತ್ತು ಜೀವ ಹೋದ ಕೈಗೆ ನಮ್ಮ ಕೋಳೀದು ಏನು ಕೊಟ್ರೂ ನಮ್ಮ ಗೂಡು ಬರಿದಾಗ್ತೈತಿ.”

ಅಜ್ಜಿ ಡಬ್ಬ ನೆಲಕ್ಕಿಡ್ತು. ಕೈ ಮತ್ತೆ ಸೆರಗೊಳಗೆ ಹೋದ್ವು. “ಬಿಡಮ್ಮಿ, ಹೋಗಾನ” ಅಂತು.

ಈಗ ಒಂದು ಮಾತು ಹೇಳ್ಬೇಕು. ಎರಡು ತಿಂಗಳಿಂದ ನುಂಗ್ಕೊಂಡಿದ್ದೆ. ಆ ಮೊದಲಿನ ಐವತ್ತು ಮರಿ ಬಂದ ದಿನ ಅಜ್ಜಿ ನನ್ನನ್ನ ಕರೆದಿರಲೇ ಇಲ್ಲ. ನಾನೇ ಹೋಗಿ, ನಾನೇ ಬ್ಯಾಗಿಂದ ಆಂಟಿಬಯೋಟಿಕ್ ಪೌಡರ್ ತೆಗೆದು, “ಕಾಯಿಲೆ ಬರದಂಗೆ ಮುಂಚೇನೇ ಐದು ದಿನ ನೀರಿಗೆ ಹಾಕಜ್ಜಿ” ಅಂದಿದ್ದೆ. ದೊಡ್ಡ ಬುದ್ಧಿವಂತೆ. ಮರಿ ಸಾಯೋಕೆ ಶುರುವಾದ ಮೇಲೆ ಒಂದನ್ನ ನಮ್ಮ ಡಾಕ್ಟರ ಹತ್ರ ಒಯ್ದೆ. ಅವರು ಕೊಯ್ದು, ಕುರುಡುಗರುಳಲ್ಲಿ ಬೆಳ್ಳಗೆ ಗಟ್ಟಿ ಕಟ್ಟಿದ್ದನ್ನ ತೋರಿಸಿ ಕೇಳಿದ್ರು, “ಚೆನ್ನಾಗಿದ್ದ ಮರಿಗೆ ಪೌಡರ್ ಹಾಕ್ಸಿದ್ಯಾರು? ಒಳ್ಳೇ ಬ್ಯಾಕ್ಟೀರಿಯಾನೂ ನಿಲ್ಲದೆ ಹೊಟ್ಟೆ ಖಾಲಿ ಮನೆಯಾಗಿತ್ತು. ಪೌಡರ್ ನಿಂತ ಕೂಡ್ಲೆ ದೊಡ್ಡ ಕೋಳಿಗಳ ಕಾಯಿಲೆ ನುಗ್ಗೈತೆ.”

“ಗೊತ್ತಿಲ್ಲ ಸರ್” ಅಂದಿದ್ದೆ.

ಆವತ್ತಿಂದ ಜನ ಅಜ್ಜಿ ಕೈ ಅಂದಾಗಲೆಲ್ಲ ನಂಗೆ ಸಿಟ್ಟು ಬರ್ತಿತ್ತು. ಜನರ ಮೇಲೆ ಅಂದ್ಕೊಂಡಿದ್ದೆ.

ಉಜ್ಜಿನಮ್ಮನ ಬಾಗಿಲಲ್ಲಿ ಆ ಸಿಟ್ಟೇ ಬಾಯಿಗೆ ಬಂತು. “ಅಜ್ಜಿ ಕೈ ಅಲ್ಲ ಕಣಕ್ಕ, ನನ್ನ ಕೈ! ಆ ಪೌಡರ್ ಕೊಟ್ಟೋಳು ನಾನು. ಅಜ್ಜಿ ನಾನು ಹೇಳಿದಂಗೆ ಹಾಕ್ತು, ಮರಿ ಸತ್ವು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ ಎಲ್ಲಾರೂ ಅಜ್ಜೀನ ಸುಡ್ತಿದ್ದೀರಿ, ನಾನು ಬಾಯಿ ಮುಚ್ಕೊಂಡು ನೋಡ್ತಿದ್ದೆ!”

ಕೂಗಿಬಿಟ್ಟಿದ್ದೆ ಅನ್ಸುತ್ತೆ. ಮಮತಾ ಅವಳ ಮನೆ ಜಗಲಿಗೆ ಬಂದು ನಿಂತ್ಳು. ಅಜ್ಜಿ ನನ್ನ ಕಡೆ ತಿರುಗಲೇ ಇಲ್ಲ, ಡಬ್ಬದ ತೂತಲ್ಲಿ ಮರಿ ನೋಡ್ತಾ ನಿಂತಿತ್ತು. ಉಜ್ಜಿನಮ್ಮ ಮಾತ್ರ ನನ್ನ ಕೈನೇ ನೋಡಿದ್ಳು. ಒಳಗೆ ಹೋಗಿ ತೆಂಗಿನ ಚಿಪ್ಪಲ್ಲಿ ಹಿಕ್ಕೆ ತಂದ್ಳು. ನಾನು ಕೈ ಚಾಚಿದೆ. ಚಿಪ್ಪು ಹಿಂದಕ್ಕೆಳೆದ್ಳು.

“ನೀವು ಮುಟ್ಟಬ್ಯಾಡ್ರಿ ಮೇಡಂ. ಅಜ್ಜೀ, ನೀ ಹಿಡಿ.”

“ಶುಕ್ರವಾರ ಅಲ್ವೇನಕ್ಕ?” ಅಂದೆ.

“ಸುಮ್ನಿರ್ರಿ.”

ಮೂವತ್ತರಲ್ಲಿ ಇಪ್ಪತ್ತೆಂಟು ಉಳಿದ್ವು. ಒಂದನ್ನ ಕಾಗೆ ಹೊತ್ಕೊಂಡೋಯ್ತು, ಒಂದು ನೀರಿನ ತಟ್ಟೇಲಿ ಮುಳುಗ್ತು. ಬಿಳಿ ಭೇದಿ ಅಂತ ಒಂದೂ ಸಾಯಲಿಲ್ಲ. ಮಮತಾ ಎಲೆಅಡಿಕೆ ಹಿಡಕೊಂಡು ಅಜ್ಜಿ ಮನೆಗೆ ಬಂದ್ಳು, ಮತ್ತೆ ಊರೆಲ್ಲ ದ್ಯಾಮಮ್ಮನ ಕೈಗುಣ. ಇನ್ನು ನನ್ನ ಕಥೆ ಕೇಳಿ. ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹನಿ ಹಾಕೋಕೆ ಹೋದ್ರೆ, “ಮೇಡಮ್ಮು, ನೀವು ಅಲ್ಲೇ ನಿಂತ್ಕೊಂಡು ಹೇಳಿ, ಅಜ್ಜಿ ಹಾಕ್ತದೆ” ಅಂತಾರೆ. ಡಿಪ್ಲೊಮಾ ಓದಿದೋಳು ನಾನು, ಬೇಲಿ ಆಚೆ ನಿಂತು “ಕಣ್ಣಿಗೆ ಒಂದೇ ಹನಿ, ಒಂದೇ” ಅಂತ ಕೂಗ್ಬೇಕು! ಅದು ಬ್ಯಾಕ್ಟೀರಿಯಾ ಕಣ್ರಮ್ಮ, ಕೈ ಅಲ್ಲ ಅಂದ್ರೆ, ಹೂಂ ಹೂಂ ಅಂತ ತಲೆ ಆಡಿಸಿ ಮರೀನ ಹಿಂದಕ್ಕೆ ಬಚ್ಚಿಡ್ತಾರೆ. ಕೈಗೆ ಹೆದರಿ ಜನ ಹಿಂದಕ್ಕೆ ಸರಿದ್ರೆ ಹೆಂಗಿರ್ತದೆ ಅಂತ ನಂಗೆ ಆವಾಗ ಗೊತ್ತಾಯ್ತು.

ಅಜ್ಜಿ ಮಾತ್ರ ಪೌಡರ್ ಸುದ್ದಿ ಎತ್ತಲೇ ಇಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಆಮೇಲೊಂದು ದಿನ ಉಜ್ಜಿನಮ್ಮನ ಕೋಳಿ ಕಾವಿಗೆ ಕೂತಾಗ ನಾನು ಅವರ ಕುರಿಗೆ ಸೂಜಿ ಹಾಕ್ತಾ ಅಲ್ಲೇ ಇದ್ದೆ. ಅಜ್ಜಿ ಬುಟ್ಟೀಲಿ ಹುಲ್ಲು ಹಾಸಿ ಹನ್ನೆರಡು ಮೊಟ್ಟೆ ಇಡ್ತು. ಹದಿಮೂರನೇದು ತಂದು ನನ್ನ ಕೈಗಿಡ್ತು.

“ಅಯ್ಯೋ, ಬ್ಯಾಡ್ರೀ!” ಅಂತ ಉಜ್ಜಿನಮ್ಮ ಓಡಿ ಬಂದ್ಳು.

“ಸುಮ್ನಿರು ಉಜ್ಜಿನಿ” ಅಂತು ಅಜ್ಜಿ. “ಇಡಮ್ಮಿ ನೀನು. ಎರಡು ತಿಂಗಳು ನನ್ನ ಕೈ ನೋಡಿದ್ರೆ ನಂಗೇ ಭಯ ಆಗ್ತಿತ್ತು. ಅದು ಯಾರಿಗೂ ಬ್ಯಾಡ.”

ನಂಗೆ ಅಳು ಬಂತು, ಮೊಟ್ಟೆ ಬೀಳಿಸ್ತೀನೇನೋ ಅಂತ ಹೆದರಿಕೆನೂ ಬಂತು. ಇಟ್ಟೆ. ಉಜ್ಜಿನಮ್ಮ ಒಲೆ ಇದ್ದಿಲು ತಂದು ಅದರ ಮೇಲೆ ಗೀಟು ಎಳೆದ್ಳು, ಒಡೀಲಿಲ್ಲ ಅಂದ್ರೆ ಯಾರದು ಅಂತ ಗೊತ್ತಿರ್ಲಿ ಅಂತ.

ಇವತ್ತಿಗೆ ಹತ್ತೊಂಬತ್ತು ದಿನ. ಕೈಗುಣ ಅನ್ನೋದು ಸುಳ್ಳು, ಎಲ್ಲಿ ಬೇಕಾದ್ರೂ ಬರೆದುಕೊಡ್ತೀನಿ. ಆದ್ರೂ ಬೆಳಗ್ಗೆ ಪಕ್ಕದೂರು ರತ್ನಗಿರಿಗೆ ಹೊರಟೋಳು ಗಾಡಿ ತಿರುಗಿಸ್ಕೊಂಡು ಉಜ್ಜಿನಮ್ಮನ ಬಾಗಿಲಿಗೆ ಬಂದೆ. “ಆ ಗೀಟಿಂದು ಏನಾದ್ರೂ ಅಲ್ಲಾಡ್ತೈತಾ ಅಕ್ಕ?”

“ಇನ್ನೂ ಒಂದೆರಡು ದಿನ ಐತ್ರಿ ಮೇಡಂ. ಹೋಗಿ ನಿಮ್ಮ ಕೆಲಸ ನೋಡ್ರಿ.”

ಗೇಟು ದಾಟಿದ ಮೇಲೆ ಹಿಂದಿನಿಂದ ಕೂಗಿದ್ಳು, “ನಾಳೆ ಬರ್ರಿ. ಒಳಗ ಬಂದೇ ನೋಡೋರಂತ.”