ತಕ್ಕಡಿ ಕಮಲಾಬಾಯಿ ಹಗುರ ಮಾಡಿದ ಟ್ರಿಗರ್

ಸದಲಗಾದ ಕಮಲಾಬಾಯಿಯ ಪಡಸಾಲೆಯಲ್ಲಿ ಅರವತ್ತು ವರ್ಷ ತಕ್ಕಡಿಗಳೇ ತೂಗಾಡಿದ್ದವು. ತಕ್ಕಡಿ ರಿಪೇರಿ ಮಾವ ಕೈಹಿಡಿದು ಕಲಿಸಿದ ಕೆಲಸ. ಬೆಲ್ಲದ ವ್ಯಾಪಾರಿಗಳ ದೊಡ್ಡ ತಕ್ಕಡಿ, ಅಕ್ಕಸಾಲಿಗರ ಗಾಜಿನ ಪೆಟ್ಟಿಗೆಯ ಸಣ್ಣ ತಕ್ಕಡಿ, ಸುತ್ತ ಹತ್ತು ಹಳ್ಳಿಯವು ಅವಳ ಕೈಯಲ್ಲಿ ಹಾದುಹೋಗಿದ್ದವು. ಅಂಗಡಿಗಳಿಗೆಲ್ಲ ಕರೆಂಟಿನ ತಕ್ಕಡಿ ಬಂದ ಮೇಲೆ ಅವಳ ಅರಗಳು ಚೀಲ ಸೇರಿದ್ದವು. ಅಂಥ ಪಡಸಾಲೆಗೆ ಒಂದು ಭಾನುವಾರ ಮೊಮ್ಮಗಳು ಮನಿಷಾ ಒಂದು ಪಿಸ್ತೂಲು ತಂದಿಟ್ಟಳು.

ಕಮಲಾಬಾಯಿಯ ಗಂಡ ಕಾಕಾಸಾಹೇಬ ಜಪಮಾಲೆ ಎಣಿಸುತ್ತಿದ್ದವನು ಹಾಗೇ ನಿಲ್ಲಿಸಿದ.

"ಜೈನರ ಮನ್ಯಾಗ ಪಿಸ್ತೂಲಾ? ನಾಳೆ ತೋಪ ಎಳಕೊಂಡ ಬರತಿ ಏನ ಬೇ?"

"ಗಾಳಿ ಪಿಸ್ತೂಲು ಅಜ್ಜಾ. ಹತ್ತು ಮೀಟರ್ ದೂರದ ಕಾಗದಕ್ಕ ಹೊಡಿಯೂದು. ಒಂದ ಇರುವಿ ಸೈತ ಸಾಯಂಗಿಲ್ಲ."

"ಪಾಪ, ಕಾಗದ ಏನ ತಪ್ಪ ಮಾಡಿತ್ತು?"

ಮನಿಷಾ ನಿಪ್ಪಾಣಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿ ಸಂಭಾಜಿ ಸರ್ ಎಂಬುವರು ಹಳೆಯ ತಂಬಾಕಿನ ಗೋದಾಮೊಂದರಲ್ಲಿ ಹುಡುಗಿಯರಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ಮುಂದಿನ ಭಾನುವಾರ ಜಿಲ್ಲಾ ತಂಡಕ್ಕೆ ಆರು ಹುಡುಗಿಯರ ಆಯ್ಕೆ. ಮನಿಷಾಳ ಪಾಲಿಗೆ ಬಂದದ್ದು ಕ್ಲಬ್ಬಿನ ಅತಿ ಹಳೆಯ ಪಿಸ್ತೂಲು. ರಿಪೇರಿಗೆ ಸರ್ ಒಪ್ಪಿಗೆ ಕೊಟ್ಟಿದ್ದರು, ಆದರೆ ಅದನ್ನು ಮುಟ್ಟುವವರು ಯಾರೂ ಸಿಕ್ಕಿರಲಿಲ್ಲ.

"ಎರಡು ರೋಗ ಅದಾವು ಇದಕ್ಕ," ಎಂದು ಮನಿಷಾ ಪಿಸ್ತೂಲಿನ ಬಾಯಿ ತೆರೆದು, ಒಳಗೆ ಗುಂಡಿಲ್ಲವೆಂದು ಅಜ್ಜಿಗೆ ತೋರಿಸಿದಳು. "ತುದಿಯ ಗುರಿಗಡ್ಡಿ ಬೆಳಕಿಗೆ ಹೊಳೀತೈತಿ, ಕಣ್ಣು ನಿಲ್ಲಂಗಿಲ್ಲ. ಟ್ರಿಗರ್ ಅಂತೂ ಬಾವಿಯಿಂದ ಕೊಡ ಜಗ್ಗಿದಂಗ. ಜಗ್ಗೂದ್ರಾಗ ಕೈ ಅಳ್ಳಾಡಿ ಹೋಗತೈತಿ. ನೀ ನೋಡ್ತಿ ಏನ ಆಯಿ?"

ಕಮಲಾಬಾಯಿ ಕನ್ನಡಕ ಒರೆಸಿಕೊಂಡು, ಪಿಸ್ತೂಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಎದ್ದುಹೋಗಿ ಚೀಲ ತಂದಳು.

ಮೊದಲು ಗುರಿಗಡ್ಡಿ. ಕಾಡಿಗೆ ಡಬ್ಬಿಯಿಂದ ಬೆರಳಲ್ಲಿ ತೆಗೆದು ಬಳಿದಳು. ತುಪ್ಪದ ಕಾಡಿಗೆ; ಮೊದಲಿಗಿಂತ ಹೆಚ್ಚೇ ಮಿಂಚಿತು. ಕಾಕಾಸಾಹೇಬ, "ಪಿಸ್ತೂಲಿಗೆ ದೃಷ್ಟಿಬೊಟ್ಟು ಇಟ್ಟಂಗಾತು," ಎಂದು ನಕ್ಕ. ನಗಲಿ ಎಂದು ಬಿಟ್ಟಳು. ಅದನ್ನು ಒರೆಸಿ, ಚೂರು ಕರ್ಪೂರ ಹಚ್ಚಿ, ಅದರ ಹೊಗೆಗೆ ಕಡ್ಡಿಯ ತುದಿ ಹಿಡಿದಳು. ಒಲೆಯ ಹಿಂದಿನ ಗೋಡೆಯಂತೆ ಒಣ ಕಪ್ಪು ಕೂತಿತು. ಗುರಿ ನೋಡುವ ಹಿಂಬದಿಯ ಕಚ್ಚು ಸವೆದು ದುಂಡಾಗಿತ್ತು. ಸಣ್ಣ ಅರದಿಂದ ಅದರ ಮೂಲೆಗಳನ್ನು ಚೌಕ ಮಾಡಿದಳು. ಮನಿಷಾ ಕೈ ಚಾಚಿ ನೋಡಿ, "ಆಯಿ! ಅಚ್ಚು ಹೊಡದಂಗ ಕಾಣತೈತಿ!" ಎಂದಳು.

ಮರುದಿನ ಟ್ರಿಗರ್ ಬಿಚ್ಚಿದಳು. ಒಳಗೆ ಎರಡು ಉಕ್ಕಿನ ತುಟಿಗಳು ಒಂದನ್ನೊಂದು ಕಚ್ಚಿ ನಿಂತಿದ್ದವು. ಟ್ರಿಗರ್ ಜಗ್ಗಿದರೆ ಒಂದು ಜಾರಿ, ಇನ್ನೊಂದು ಬಿಡುಗಡೆಯಾಗುತ್ತಿತ್ತು. ಜಾರುವ ತುಟಿ ಗರಗಸದಂತೆ ಒರಟಾಗಿತ್ತು. ಕಮಲಾಬಾಯಿಗೆ ನಗು ಬಂತು. ತಕ್ಕಡಿಯ ದಂಡಿಗೆ ತೂಗಾಡುವ ಉಕ್ಕಿನ ಅಲಗನ್ನು ತೀಡುವ ಕೆಲಸವೇ ಇದು! ಎಣ್ಣೆಗಲ್ಲಿನ ಮೇಲೆ ಇಟ್ಟು ತೀಡತೊಡಗಿದಳು.

ತಕ್ಕಡಿಯ ಕೆಲಸದಲ್ಲಿ ಹಗುರವಾದಷ್ಟೂ ಹೆಚ್ಚುಗಾರಿಕೆ. ಒಂದು ಗುಲಗಂಜಿ ಇಟ್ಟರೆ ದಂಡಿಗೆ ಬಾಗಬೇಕು, ಆಗ ಮಾಡಿದವರ ಕೈಗೆ ಹೆಸರು. ಅದೇ ಹಟದಲ್ಲಿ ಆಕೆ ನಾಲ್ಕು ದಿನ ತೀಡಿದಳು. ಸ್ಪ್ರಿಂಗ್ ಬಿಗಿಯೆನಿಸಿ ಅದರದೂ ಒಂದು ಸುತ್ತು ಕತ್ತರಿಸಿದಳು. ಶುಕ್ರವಾರ ಮನಿಷಾ ಹಿತ್ತಲಲ್ಲಿ ಕಾಗದ ಕಟ್ಟಿ ಹೊಡೆದಾಗ ತೂತುಗಳು ಒಂದರ ಮಗ್ಗುಲಲ್ಲಿ ಒಂದು ಬಿದ್ದವು.

"ಮನಸಿನ್ಯಾಗ ಅಂದ್ರ ಸಾಕು ಆಯಿ, ಹಾರತೈತಿ!"

ಭಾನುವಾರ ಅಜ್ಜಿ ಮೊಮ್ಮಗಳು ಮುಂಜಾನೆಯ ಬಸ್ಸಿಗೆ ನಿಪ್ಪಾಣಿಗೆ ಹೋದರು. ಎಲ್ಲಿ ಹೋದರೂ ಚೀಲ ಹೆಗಲಿಗೆ ಹಾಕಿಕೊಳ್ಳುವುದು ಕಮಲಾಬಾಯಿಗೆ ರೂಢಿ.

ಗೋದಾಮಿನ ಬಾಗಿಲ ಬಳಿ ಸಂಭಾಜಿ ಸರ್ ಮೇಜು ಹಾಕಿಕೊಂಡು ಪಿಸ್ತೂಲುಗಳನ್ನು ಪರೀಕ್ಷಿಸುತ್ತಿದ್ದರು. ಮೇಜಿನ ಮೇಲೆ ಅರ್ಧ ಕಿಲೋದ ತೂಕದ ಕಲ್ಲು. ಪಿಸ್ತೂಲನ್ನು ನೆಟ್ಟಗೆ ಮೇಲ್ಮುಖ ಹಿಡಿದು, ಕಲ್ಲನ್ನು ಟ್ರಿಗರಿಗೆ ತೂಗಹಾಕಿ, ಮೆಲ್ಲಗೆ ಎತ್ತುವರು. ಕಲ್ಲು ಮೇಜು ಬಿಟ್ಟು ಮೇಲೇಳುವತನಕ ಟ್ರಿಗರ್ ತಡೆದರೆ ಪಾಸು.

ಮನಿಷಾಳ ಪಿಸ್ತೂಲಿಗೆ ಕಲ್ಲು ತೂಗಹಾಕಿದರು. ಕಲ್ಲು ಅಲುಗಲೂ ಇಲ್ಲ, ಟ್ರಿಗರ್ ಟಕ್ ಎಂದಿತು. ಇನ್ನೊಮ್ಮೆ. ಟಕ್.

"ಇದು ನಡ್ಯಂಗಿಲ್ಲ ಮನಿಷಾ. ಐನೂರು ಗ್ರಾಂ ತಡೀಲೇಬೇಕು, ಕಾಯ್ದೆ ಐತಿ. ಯಾರ್ ಮಾಡಿದ್ದು?"

"ನಾನ್ರಿ," ಎಂದಳು ಕಮಲಾಬಾಯಿ.

"ಮಾವಶಿ, ಕೆಲಸ ಏನೋ ಛಲೋ ಮಾಡೀರಿ. ಆದ್ರ ಅತಿ ಛಲೋ ಆಗೇತಿ. ಹನ್ನೆರಡಕ್ಕ ಕಡೇ ಪಾಳಿ. ಅಷ್ಟರಾಗ ಕಲ್ಲು ಎತ್ತಿದ್ರ ಸರಿ, ಇಲ್ಲಂದ್ರ ಮುಂದಿನ ವರ್ಷ."

ಆಗಲೇ ಹನ್ನೊಂದು ದಾಟಿತ್ತು. ಕಮಲಾಬಾಯಿ ಮೊಮ್ಮಗಳನ್ನು ಬದಿಗೆ ಕರೆದಳು.

"ನಿನಗ ಕಾಯ್ದೆ ಗೊತ್ತಿದ್ದಿಲ್ಲೇನ?"

"ಗೊತ್ತಿತ್ತು ಆಯಿ. ಮೊದಲ ಅದು ಒಂದ ಕಿಲೋ ಎತ್ತತಿತ್ತು. ಐನೂರಕ್ಕಿಂತ ಕೆಳಗ ಇಳದೀತು ಅಂತ ಕನಸಿನ್ಯಾಗೂ ಅನಕೊಂಡಿದ್ದಿಲ್ಲ."

ಕಮಲಾಬಾಯಿಗೆ ನಾಚಿಕೆಯಾಯಿತು. ಅರವತ್ತು ವರ್ಷದಲ್ಲಿ ಯಾರನ್ನೂ ಆಕೆ ಎಷ್ಟು ಹಗುರ ಬೇಕೆಂದು ಕೇಳಿದವಳೇ ಅಲ್ಲ. ತೀಡಿ ತೆಗೆದ ಉಕ್ಕನ್ನು ಮರಳಿ ಅಂಟಿಸಲಾಗದು. ಆದರೆ ಸ್ಪ್ರಿಂಗ್? ಅದು ಒಂದು ಸುತ್ತು ಗಿಡ್ಡಾಗಿತ್ತು, ಅಷ್ಟೇ. ಗಿಡ್ಡಾದದ್ದಕ್ಕೆ ಕೆಳಗೆ ಮಣೆ ಹಾಕಿದರಾಯಿತು!

ಕಟ್ಟೆಯ ಮೇಲೆ ಕೂತು ಸೆರಗು ಹಾಸಿ, ತಿರುಪು ಬಿಚ್ಚಿದಳು. ಚೀಲದ ತಳದಲ್ಲಿದ್ದ ಹಿತ್ತಾಳೆ ತಗಡಿನ ಚೂರಿನಿಂದ ಶರ್ಟಿನ ಗುಂಡಿಗಿಂತ ಸಣ್ಣ ಬಿಲ್ಲೆ ಕತ್ತರಿಸಿ, ಸ್ಪ್ರಿಂಗಿನ ಬುಡಕ್ಕೆ ಕೂರಿಸಿದಳು. ಮೇಜಿನ ಬಳಿ ಹೋದರು. ಟಕ್. ಮತ್ತೆ ಕಟ್ಟೆಗೆ. ಅದರ ಮೇಲೆ ಇನ್ನೊಂದು ಬಿಲ್ಲೆ. ಮನಿಷಾ ಗಡಿಯಾರ ನೋಡುತ್ತ ಕಾಲು ಬದಲಿಸುತ್ತಿದ್ದಳು.

"ಹಂಗ ಕುಣೀಬ್ಯಾಡ, ಸೆರಗಿನ್ಯಾಗಿನ ತಿರುಪು ಉಳ್ಳತೈತಿ," ಎಂದಳು ಕಮಲಾಬಾಯಿ, ತಲೆಯೆತ್ತದೆ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಸಂಭಾಜಿ ಸರ್ ಮತ್ತೆ ಪಿಸ್ತೂಲು ನೆಟ್ಟಗೆ ಹಿಡಿದರು. ಕಲ್ಲು ತುಸು ವಾಲಿತು, ಮೇಜು ಬಿಟ್ಟಿತು, ಗಾಳಿಯಲ್ಲಿ ನಿಂತಿತು. ಅವರು ಮೂರು ಸಲ ಎತ್ತಿ ಇಳಿಸಿದರು. ಮೂರೂ ಸಲ ತಡೆಯಿತು.

"ಹೋಗು, ನಿಂದರು ಪಾಳ್ಯಾಗ," ಎಂದರು.

ಲೆಕ್ಕಕ್ಕಿಲ್ಲದ ನಾಲ್ಕು ಏಟು ಹೊಡೆದು ಮನಿಷಾ ಹಿಂದಿರುಗಿ ನೋಡಿದಳು. "ನಿನ್ನಿಕಿಂತ ಬಿಗಿ ಆಗೇತಿ ಆಯಿ."

"ಬಿಗಿ ಇದ್ರೂ ಒರಟ ಇಲ್ಲ. ಸಾವಕಾಶ ಜಗ್ಗು. ನನಗೇನ ಅವಸರ ಇಲ್ಲ."

ಅರವತ್ತು ಏಟಿಗೆ ಒಂದೂಕಾಲು ತಾಸು. ಮೊದಲ ಹತ್ತು ಕೆಟ್ಟವು, ಬೆರಳಿಗೆ ಹೊಸ ತೂಕ ತಿಳಿಯಲಿಲ್ಲ. ಆಮೇಲೆ ಅವಳ ಹೆಗಲು ಇಳಿಯಿತು, ಉಸಿರು ನಿಧಾನವಾಯಿತು. ಗೋಡೆ ಬದಿಯ ಬೆಂಚಿನಲ್ಲಿ ಕೂತ ಕಮಲಾಬಾಯಿಗೆ ಕಾಗದದ ತೂತು ಕಾಣುತ್ತಿರಲಿಲ್ಲ. ಮೊಮ್ಮಗಳ ಬೆನ್ನು ಮಾತ್ರ ಕಾಣುತ್ತಿತ್ತು, ಅದು ಅಲುಗುತ್ತಿರಲಿಲ್ಲ.

ಮೂರು ಗಂಟೆಗೆ ಪಟ್ಟಿ ಅಂಟಿಸಿದರು. ಮನಿಷಾಳ ಹೆಸರು ಆರನೆಯದು, ಎಲ್ಲಕ್ಕಿಂತ ಕೆಳಗೆ. ಹುಡುಗಿ ಕೂಗಿ ಓಡಿಬಂದು ಅಜ್ಜಿಯನ್ನು ಅಪ್ಪಿಕೊಂಡ ರಭಸಕ್ಕೆ ಕನ್ನಡಕ ಸೊಟ್ಟಾಯಿತು.

ಸಂಭಾಜಿ ಸರ್ ಹಿಂದೆಯೇ ಬಂದರು, ಎರಡು ಕೈಯಲ್ಲಿ ಎರಡು ಪಿಸ್ತೂಲು.

"ಮಾವಶಿ, ಇವೂ ಗರಗರ ಅಂತಾವ. ತಂಡ ಬೆಳಗಾವಿಯ ಪಂದ್ಯಕ್ಕ ಹೋಗೂದ್ರಾಗ ಒಂದ ಕೈ ನೋಡ್ತೀರೇನು?"

ಕಮಲಾಬಾಯಿ ಕನ್ನಡಕ ನೆಟ್ಟಗೆ ಮಾಡಿಕೊಂಡು, ಬೆಂಚಿನ ಮೇಲೆ ಜಾಗ ಬಿಟ್ಟು ಸರಿದು ಕೂತಳು.

"ಕುಂದರ್ರಿ ಸರ್. ಮೊದಲ ಕಾಯ್ದೆ ಎಲ್ಲಾ ಹೇಳ್ರಿ. ಆಮ್ಯಾಲ ಕೈ ಹಚ್ಚತೀನಿ."