ಒಂದು ನಿಮಿಷ ಸುಮ್ನಿರಿ

ನನ್ನ ಅಳತೆ ಟೇಪು ಕಾಣಿಸದಿದ್ದರೆ ನಾನು ಮನೆಯೆಲ್ಲ ಹುಡುಕುವುದಿಲ್ಲ. ನೇರ ಅಳಿಯನ ಸ್ಪೀಕರ್ ಪೆಟ್ಟಿಗೆಗಳ ಹತ್ತಿರ ಹೋಗುತ್ತೇನೆ, ಅಲ್ಲೇ ಬಿದ್ದಿರುತ್ತದೆ. ಕುರ್ಚಿಯಿಂದ ಎಡಗಡೆಯ ಸ್ಪೀಕರಿಗೆ ಎಷ್ಟು, ಬಲಗಡೆಯದಕ್ಕೆ ಎಷ್ಟು ಎಂದು ಅಳೆಯುತ್ತಾನೆ. ಅರ್ಧ ಇಂಚು ಹೆಚ್ಚುಕಡಿಮೆಯಾದರೂ ಮಂಡಿಯೂರಿ ಕೂತು ತಳ್ಳುತ್ತಾನೆ. ನಲವತ್ತು ವರ್ಷದಿಂದ ಮಂದಿಯ ಬಟ್ಟೆ ಹೊಲಿಯುತ್ತಿರುವವಳು ನಾನು. ನಾನೇ ಅರ್ಧ ಇಂಚಿಗೆ ಅಷ್ಟು ತಲೆ ಕೆಡಿಸಿಕೊಂಡವಳಲ್ಲ. ಅಂಗಿ ಸಡಿಲವಾಯಿತೆಂದರೆ, ನಾಲ್ಕು ದಿನ ಚೆನ್ನಾಗಿ ಉಣ್ಣು ಸರಿಹೋಗುತ್ತೆ ಎಂದು ಹೇಳಿ ಕಳಿಸುತ್ತೇನೆ.

ಎದುರಿಗೆ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಅಳಿಯ ಅಂದಮೇಲೆ ಅಷ್ಟು ಮರ್ಯಾದೆ ಕೊಡಬೇಕಲ್ಲ. ಮನಸ್ಸಿನೊಳಗೆ ಮಾತ್ರ ಏಕವಚನ. ಸಿಟ್ಟು ಬಂದ ದಿನ ಅದಕ್ಕಿಂತ ಕೆಳಗಿನದು ಇನ್ನೇನಾದರೂ ಇದ್ದರೆ ಅದು.

ಧ್ವನಿ ಮುದ್ರಿಸುವುದು ಅವನ ಕೆಲಸ. ಸ್ಟುಡಿಯೋದಲ್ಲಿ ಹಗಲೆಲ್ಲ ಅದನ್ನೇ ಮಾಡಿ, ಮನೆಗೆ ಬಂದರೂ ಅದೇ. ಹಾಲಿನ ಮೂಲೆಯಲ್ಲಿ ಕಂಪ್ಯೂಟರು. ಅದರಿಂದ ಒಂದು ವೈರು ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗೆ, ಅಲ್ಲಿಂದ ಎರಡು ವೈರು ಆಂಪ್ಲಿಫೈಯರಿಗೆ, ಅಲ್ಲಿಂದ ನನ್ನ ಸೊಂಟದೆತ್ತರದ ಎರಡು ಸ್ಪೀಕರಿಗೆ. ಆ ಸೋಪಿನ ಡಬ್ಬಿ ಯಾತಕ್ಕೆ ಎಂದು ಒಮ್ಮೆ ಕೇಳಿದ್ದೆ.

"ಕಂಪ್ಯೂಟರ್ ಒಳಗೆ ಇರೋದು ಬರೀ ಅಂಕಿ ಅತ್ತೆ. ಅದನ್ನ ಧ್ವನಿ ಮಾಡೋದು ಈ ಪೆಟ್ಟಿಗೆ. ಕಂಪ್ಯೂಟರೂ ಮಾಡುತ್ತೆ, ಆದ್ರೆ ಒರಟೊರಟಾಗಿ ಮಾಡುತ್ತೆ" ಅಂದ. ಆಮೇಲೆ ಹೆಮ್ಮೆಯಿಂದ ಹೇಳಿದ: "ಜನ ಫೋನಲ್ಲಿ ಕೇಳೋ ಹಾಡಲ್ಲಿ ಮುಕ್ಕಾಲು ಪಾಲು ಕಿತ್ತು ಬಿಸಾಕಿರ್ತಾರೆ, ಜಾಗ ಉಳಿಸೋಕೆ. ನನ್ನ ಹತ್ರ ಇರೋದು ಪೂರ್ತಿ. ಒಂದೆಳೆನೂ ಬಿಟ್ಟಿಲ್ಲ."

ಸುಳ್ಳು ಯಾಕೆ ಹೇಳಲಿ, ಕೇಳಲು ಚೆನ್ನಾಗಿಯೇ ಇರುತ್ತಿತ್ತು. ಕಣ್ಣು ಮುಚ್ಚಿದರೆ ನುಡಿಸುವವರು ಎದುರಿಗೇ ಕೂತ ಹಾಗೆ. ಆದರೆ ಕೇಳುವಾಗ ಲೋಟ ಇಡುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ನನ್ನ ಹೊಲಿಗೆ ಮಿಷನ್ ತುಳಿದೆನೋ, ಮುಗಿಯಿತು ಕಥೆ.

ಇಂಥವನಿಗೆ ನನ್ನ ಮಗಳು ಹೆಂಡತಿ. ಅವಳು ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತು. ಬಳಗದವರೆಲ್ಲ ಅವಳನ್ನು ಅರಳು ಎಂದೇ ಕರೆಯುತ್ತಿದ್ದರು. ಬೀದಿಯ ಆ ತುದಿಯಲ್ಲಿ ಬರುತ್ತಿದ್ದಾಳೆ ಎಂದು ಈ ತುದಿಯಲ್ಲಿ ತಿಳಿಯುತ್ತಿತ್ತು. ಅವಳು ನನಗೆ ಫೋನು ಮಾಡಿದರೆ ನನ್ನ ಪಾಲಿಗೆ ಬರುತ್ತಿದ್ದುದು 'ಹೂಂ' ಮತ್ತು 'ಹೌದಾ' ಎರಡೇ ಮಾತು.

ಒಂದು ಬೆಳಿಗ್ಗೆ ತಲೆನೋವು ಅಂದಳಂತೆ. ಮಾತ್ರೆ ನುಂಗಿ ಕೆಲಸಕ್ಕೆ ಹೋದಳು. ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು, ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಮೊಮ್ಮಗಳು ಪುಟ್ಟಿಗೆ ಆಗ ಎರಡೂವರೆ ವರ್ಷ. ನಾನು ನನ್ನ ಮಿಷನ್ ಕಟ್ಟಿಕೊಂಡು ಇಲ್ಲಿಗೆ ಬಂದೆ, ಆಮೇಲೆ ಹೋಗಲಿಲ್ಲ. ಪುಟ್ಟಿಗೆ ಈಗ ಆರು.

ಹೋದ ತಿಂಗಳು ಒಂದು ಸಂಜೆ ಪುಟ್ಟಿ ನನ್ನ ಮಿಷನ್ ಪಕ್ಕದಲ್ಲೇ ಗೊಂಬೆ ಆಡುತ್ತಿದ್ದಳು. ಅಪ್ಪ ಗೊಂಬೆ, ಅಮ್ಮ ಗೊಂಬೆ, ಅಜ್ಜಿ ಗೊಂಬೆ, ಮೂರನ್ನೂ ನಾನೇ ಚೂರುಬಟ್ಟೆಯಲ್ಲಿ ಹೊಲಿದುಕೊಟ್ಟಿದ್ದೆ. "ಏಯ್, ಅಲ್ಲಿ ಗುಂಡುಸೂಜಿ ಬಿದ್ದಿದೆ, ಕಾಲಿಟ್ಟೀಯಾ ಜೋಕೆ!" ಎಂದು ಒಂದು ಗೊಂಬೆ ಗದರಿತು. ಅದು ನನ್ನದೇ ದನಿ, ನನ್ನದೇ ಗದರಿಕೆ. ನನಗೆ ನಗು ಬಂತು.

"ಅಜ್ಜಿ ಗೊಂಬೆಗೆ ಬಾಯಿ ಜೋರು ಕಣೇ" ಅಂದೆ.

"ಇದು ಅಜ್ಜಿ ಅಲ್ಲ, ಅಮ್ಮ."

"ಅಮ್ಮ ಆದ್ರೆ ನನ್ನ ಥರ ಯಾಕೆ ಮಾತಾಡುತ್ತೆ?"

"ಅಮ್ಮ ಹೇಗೆ ಮಾತಾಡ್ತಿದ್ಲು ಅಂತ ನಂಗೊತ್ತಿಲ್ವಲ್ಲ ಅಜ್ಜಿ" ಅಂದಳು. ಅಳಲಿಲ್ಲ, ಸಪ್ಪೆಯಾಗಲೂ ಇಲ್ಲ. ಇವತ್ತು ಪೆನ್ಸಿಲ್ ಕಳೆಯಿತು ಎಂದ ಹಾಗೆ ಅಂದಳು, ಗೊಂಬೆಯ ಕೂದಲು ಸರಿಮಾಡಿದಳು.

ಪೆಡಲಿನ ಮೇಲಿದ್ದ ನನ್ನ ಕಾಲು ಹಾಗೇ ನಿಂತಿತು. ಇಡೀ ಬೀದಿಗೆ ಕೇಳುವಂತೆ ಮಾತಾಡಿದವಳ ದನಿ ಅವಳ ಮಗಳಿಗೇ ಗೊತ್ತಿಲ್ಲ.

ಅಳಿಯ ಬಂದು ಚಪ್ಪಲಿ ಬಿಡುವುದನ್ನೂ ಕಾಯಲಿಲ್ಲ. "ನೋಡಿ, ನಿಮ್ಮ ಹತ್ರ ಪೂರ್ತಿ ಇದೆ, ಒಂದೆಳೆನೂ ಬಿಟ್ಟಿಲ್ಲ ಅಂತೀರಲ್ಲ. ಅದ್ರಲ್ಲಿ ನನ್ನ ಮಗಳು ಮಾತಾಡಿದ್ದು ಎರಡು ಮಾತು ಹುಡುಕಿ ಕೊಡಿ. ಪುಟ್ಟಿಗೆ ಕೇಳಿಸಿ. ನಂಗೂ ಕೇಳಿಸಿ" ಎಂದು ಹೇಳಿ, ಗೊಂಬೆಯ ವಿಷಯ ತಿಳಿಸಿದೆ.

"ಭಾನುವಾರ ಕೇಳಿಸ್ತೀನಿ ಅತ್ತೆ" ಅಂದ. ನನ್ನ ಮುಖ ಮಾತ್ರ ನೋಡಲಿಲ್ಲ.

ಆ ವಾರವೆಲ್ಲ ಮನೆಯಲ್ಲಿ ಹಾಡಿಲ್ಲ, ಸಂಗೀತವಿಲ್ಲ. ಹಳೆಯ ಡಿಸ್ಕುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಸಿಕ್ಕಿಸಿ ನೋಡುತ್ತಿದ್ದ. ಅವಳ ಗೆಳತಿಯರಿಗೆಲ್ಲ ಫೋನು ಮಾಡಿದ. ಫೋಟೋ ಬಂದವು, ದನಿ ಬರಲಿಲ್ಲ. ನನ್ನದು ಗುಂಡಿ ಒತ್ತುವ ಫೋನು, ಅದರಲ್ಲಿ ಏನೂ ಉಳಿಯುವುದಿಲ್ಲ.

ಶನಿವಾರ ಟೀ ಕೊಡುವಾಗ ತಡೆಯಲಾಗದೆ ಕೇಳಿದೆ. "ಮಗು ಆಡೋದನ್ನೆಲ್ಲ ಅವಳು ಫೋನಲ್ಲಿ ವಿಡಿಯೋ ಹಿಡೀತಿದ್ಲಲ್ಲ. ಅದ್ರಲ್ಲಿ ಮಾತಾಡ್ತಿರಬೇಕಲ್ವಾ?"

"ಮಾತಾಡ್ತಿದ್ಲು. ಫೋನಿನ ಧ್ವನಿ ಗರಗರ ಅಂತಿತ್ತು. ಅದನ್ನ ತೆಗೆದು ವಯೊಲಿನ್ ಕೂರಿಸಿದೆ."

"ಎಲ್ಲದಕ್ಕೂ?"

"ಎಲ್ಲದಕ್ಕೂ. ಮೊದಲಿನವನ್ನ ಅಳಿಸಿಬಿಟ್ಟೆ."

"ಮತ್ತೆ ವಾಯ್ಸ್ ಮೆಸೇಜು? ಈಗಿನವರು ಎಲ್ಲ ಕಳಿಸ್ತಾರಲ್ಲ?"

"ಕಳಿಸ್ಬೇಡ ಅಂದಿದ್ದೆ ಅತ್ತೆ. ಅದನ್ನ ಕೇಳೋಕಾಗಲ್ಲ, ಬರೆದು ಕಳಿಸು ಅಂದಿದ್ದೆ."

ಅಯ್ಯೋ ನಿನ್ನ ಕಿವಿಗಿಷ್ಟು ಬೆಂಕಿ ಹಾಕ! ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಹಾಗಾಯಿತು ಇವನ ಬಾಳು.

"ಒಂದಿದೆ" ಅಂದ ಲೋಟ ಕೆಳಗಿಟ್ಟು. "ಅಣ್ಣನ ವಯೊಲಿನ್ ಇಲ್ಲೇ ಹಾಲಲ್ಲಿ ರೆಕಾರ್ಡ್ ಮಾಡಿದ್ನಲ್ಲ. ಅದ್ರಲ್ಲಿ ಇದಾಳೆ."

ಅದು ನನಗೂ ನೆನಪಿತ್ತು. ನಾನು ಆಗ ಇಲ್ಲಿರಲಿಲ್ಲ. ಅಳಿಯನ ಅಣ್ಣ ಬಂದು ನುಡಿಸಿದ್ದನ್ನು ಮಗಳು ಫೋನಿನಲ್ಲಿ ಹೇಳಿ ಹೇಳಿ ನಕ್ಕಿದ್ದಳು. "ಉಸಿರಾಡೋಕೂ ಬಿಡಲ್ಲಮ್ಮ ಇವ್ರು! ಗೋಡೆ ಮೇಲಿನ ಹಲ್ಲಿಗೂ ಬೈತಾರೆ!" ಎಂದಿದ್ದಳು. ಅದರಲ್ಲಿ ಇದ್ದಾಳೆ ಅಂದಮೇಲೆ ನನ್ನ ಜೀವ ಅರ್ಧ ವಾಪಸು ಬಂತು.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಕಿಟಕಿಗಳನ್ನೆಲ್ಲ ಮುಚ್ಚಿದ. ಫ್ಯಾನು ನಿಲ್ಲಿಸಿದ, ಫ್ರಿಜ್ಜಿನ ಪ್ಲಗ್ ಕಿತ್ತ. ಯಾರನ್ನೂ ಕೂರಲು ಬಿಡದ ನಡುವಿನ ಕುರ್ಚಿಯಲ್ಲಿ ಪುಟ್ಟಿಯನ್ನು ಕೂರಿಸಿದ. ನನ್ನ ಟೇಪು ತೆಗೆದುಕೊಂಡು ಅವಳ ಕಿವಿ ಎಷ್ಟು ಎತ್ತರದಲ್ಲಿದೆ ಎಂದು ನೆಲದಿಂದ ಅಳೆದ. ಕೆಳಗೆ ಒಂದು ದಿಂಬು ಹಾಕಿದ, ಮತ್ತೆ ಅಳೆದ, ಇನ್ನೊಂದು ಹಾಕಿದ. ಅವತ್ತು ನನಗೆ ಸಿಟ್ಟು ಬರಲಿಲ್ಲ. ಎಷ್ಟಾದರೂ ಅಳೆಯಪ್ಪ ಅನ್ನಿಸಿತು. ಪುಟ್ಟಿ ಮಡಿಲಲ್ಲಿ ಅಮ್ಮ ಗೊಂಬೆ ಇಟ್ಟುಕೊಂಡಿದ್ದಳು. ನಾನು ಸೆರಗನ್ನು ಕೈಯಲ್ಲಿ ಮುದ್ದೆ ಮಾಡಿ ಹಿಡಿದು ಪಕ್ಕದಲ್ಲಿ ಕೂತೆ.

ಕಂಪ್ಯೂಟರಿನಲ್ಲಿ ಏನೋ ಒತ್ತಿದ.

ಮೊದಲು ಬಂದದ್ದು ಅಳಿಯನದೇ ದನಿ, ಕೋಣೆಯ ನಡುವೆ ನಿಂತು ಗದರಿದ ಹಾಗೆ: "ಎಲ್ಲರೂ ಸುಮ್ನಿರಿ. ಒಂದು ನಿಮಿಷ." ಸ್ವಲ್ಪ ಬಿಟ್ಟು, ಇನ್ನೂ ಗಡುಸಾಗಿ: "ನಿಂಗೂ ಹೇಳಿದ್ದು."

ಆಮೇಲೆ ಏನೂ ಇಲ್ಲ.

ಕಾದೆ. ವಯೊಲಿನ್ ಶುರುವಾಗುತ್ತದೆ, ನಡುವೆ ಅವಳು ಮಾತಾಡುತ್ತಾಳೆ ಎಂದುಕೊಂಡೆ. ಶುರುವಾಗಲಿಲ್ಲ. ಸುಮ್ಮನಿರುವ ಕೋಣೆಯೊಂದು ಮಾತ್ರ ಕೇಳಿಸುತ್ತಿತ್ತು. ಗಡಿಯಾರದ ಟಿಕ್ ಟಿಕ್. ಬಲಗಡೆ ಕುರ್ಚಿಯೊಂದು ಕಿರ್ ಅಂದಿತು, ಅದು ಅಣ್ಣನಿರಬೇಕು. ಹೊರಗೆ ದೂರದಲ್ಲಿ ಯಾವುದೋ ಗಾಡಿ ಹೋಯಿತು. ಇದೇನು ಹುಚ್ಚಾಟ ಎಂದು ಕೇಳಲು ಬಾಯಿ ತೆರೆದೆ.

ತೆರೆದ ಬಾಯಿ ಹಾಗೇ ಉಳಿಯಿತು. ಎಡಗಡೆ, ನೆಲಕ್ಕೆ ಹತ್ತಿರದಲ್ಲಿ, ಸಣ್ಣಗೆ ಸೊಂಯ್ ಅಂದಿತು.

ಏಳು ವರ್ಷದವಳಿದ್ದಾಗ ಮೆಟ್ಟಿಲಿನಿಂದ ಬಿದ್ದು ನನ್ನ ಮಗಳ ಮೂಗಿನ ಮೂಳೆ ಒಂದಿಷ್ಟು ಸೊಟ್ಟಗಾಗಿತ್ತು. ಅವತ್ತಿನಿಂದ ಉಸಿರೆಳೆದಾಗಲೆಲ್ಲ ಹಾಗೇ ಸೊಂಯ್ ಅನ್ನುತ್ತಿತ್ತು. ಕಣ್ಣಾಮುಚ್ಚಾಲೆಯಲ್ಲಿ ಎಲ್ಲಿ ಅಡಗಿದರೂ ಅದರಿಂದಲೇ ಸಿಕ್ಕಿಬೀಳುತ್ತಿದ್ದಳು. ನಗು ತಡೆದುಕೊಂಡಳೆಂದರೆ ಅದು ಇನ್ನೂ ಜೋರು, ಸೊಂಯ್ ಸೊಂಯ್ ಸೊಂಯ್.

ಸೊಂಯ್ ಸೊಂಯ್ ಸೊಂಯ್. ನನ್ನ ಮಗಳು ನನ್ನಿಂದ ಎರಡು ಮೊಳ ದೂರದಲ್ಲಿ ನೆಲದ ಮೇಲೆ ಕೂತು, ಬಾಯಿಗೆ ಕೈ ಅಡ್ಡ ಹಿಡಿದು, ನಗು ತಡೆದುಕೊಳ್ಳುತ್ತಿದ್ದಳು. ದೇವರಾಣೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಪುಟ್ಟಿ ದಿಂಬಿನಿಂದ ಇಳಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ನೆಟ್ಟಗೆ ಎಡಗಡೆಗೆ ಹೋಗಿ, ಆ ಉಸಿರಿದ್ದ ಜಾಗದಲ್ಲೇ ನೆಲದ ಮೇಲೆ ಕೂತಳು.

ಕೊನೆಗೊಂದು ದೊಡ್ಡ ಉಸಿರು. ಇಷ್ಟು ಹೊತ್ತು ಕಟ್ಟಿಟ್ಟ ಮಾತನ್ನೆಲ್ಲ ಒಟ್ಟಿಗೆ ಸುರಿಯಲು ಬಾಯಿ ತೆರೆದಾಗ ಎಳೆದುಕೊಳ್ಳುತ್ತಿದ್ದ ಉಸಿರು ಅದು, ನನಗೆ ಗೊತ್ತು. ಅಲ್ಲಿಗೆ ಟಕ್ಕೆಂದು ನಿಂತಿತು.

"ಮುಂದೆ?" ಅಂದೆ. "ಮುಂದೆ ಹಾಕಿ. ಮಾತಾಡೋಕೆ ಹೊರಟಿದಾಳೆ, ಹಾಕಿ."

"ಮುಂದೆ ಇಲ್ಲ ಅತ್ತೆ."

"ಇಲ್ಲ ಅಂದ್ರೆ?"

"ಕತ್ತರಿಸಿದೀನಿ."

ಆಮೇಲೆ ನೆಲ ನೋಡಿಕೊಂಡು ಒಂದೊಂದಾಗಿ ಹೇಳಿದ. ಒಂದೊಂದು ಕೋಣೆಗೂ ಅದರದೇ ಸದ್ದಿರುತ್ತದಂತೆ, ಯಾರೂ ಮಾತಾಡದಿದ್ದಾಗಲೂ. ಸಂಗೀತದ ನಡುವೆ ಕೆಮ್ಮೋ ಮಾತೋ ಬಂದರೆ ಕತ್ತರಿಸಬೇಕು, ಕತ್ತರಿಸಿದ ಕಡೆ ತೂತು ಬೀಳುತ್ತದೆ. ಆ ತೂತಿಗೆ ಅದೇ ಕೋಣೆಯ ಮೌನವನ್ನೇ ತುಂಬಬೇಕು. ಅದಕ್ಕೇ ಅವನ ಕಸುಬಿನವರು ಮೊದಲೇ ಎಲ್ಲರನ್ನೂ ಒಂದು ನಿಮಿಷ ಸುಮ್ಮನೆ ಕೂರಿಸಿ ಮುದ್ರಿಸಿಟ್ಟುಕೊಳ್ಳುತ್ತಾರಂತೆ.

"ತೇಪೆ ಹಾಕೋಕೆ ಅದೇ ಬಟ್ಟೆ ಬೇಕಲ್ಲ ಅತ್ತೆ, ಹಾಗೆ" ಅಂದ. "ರಾಗ ಮುಗಿದ ಕೂಡ್ಲೇ ಅವಳು ಮಾತು ಶುರು ಮಾಡ್ತಿದ್ಲು. ತಂತಿಯ ಕೊನೇ ಸದ್ದು ಇನ್ನೂ ಇಳೀತಿರೋವಾಗ್ಲೇ. ಅದನ್ನೆಲ್ಲ ತೆಗೆದು, ಈ ನಿಮಿಷದಿಂದ ಚೂರು ಚೂರು ತಗೊಂಡು ತುಂಬಿದೆ."

ನನಗೆ ಅರ್ಥವಾಯಿತು. ನಾನು ದರ್ಜಿ, ತೇಪೆಯ ವಿಷಯ ನನಗೆ ಬೇರೆ ಹೇಳಬೇಕೇ? ಅವಳ ಮಾತು ಕತ್ತರಿಸಿ, ಅದೇ ಜಾಗಕ್ಕೆ ಅವಳ ಮೌನವನ್ನು ತೇಪೆ ಹಾಕಿದ್ದ.

"ಕತ್ತರಿಸಿದ ಚೂರೆಲ್ಲಿ?" ಅಂದೆ. ನನಗೆ ಕೆಲಸ ಕಲಿಸಿದಾಕೆ ಮೊದಲ ದಿನವೇ ಹೇಳಿದ್ದಳು, ಗಿರಾಕಿ ಅಂಗಿ ತೊಟ್ಟು ಹೋಗುವ ತನಕ ಚೂರು ಬಿಸಾಡಬೇಡ ಎಂದು.

"ಅಳಿಸಿದೆ. ಡಿಸ್ಕ್ ತುಂಬಿತ್ತು. ಪೂರ್ತಿ ಧ್ವನಿ ಇಡೋಕೆ ಜಾಗ ಜಾಸ್ತಿ ಬೇಕಾಗುತ್ತೆ."

"ನಿಮ್ಮ ಅಣ್ಣನ ಹತ್ರ?"

"ಅವನಿಗೆ ಕೊಟ್ಟಿದ್ದೂ ಇದೇ, ಶುದ್ಧ ಮಾಡಿದ್ದು."

"ಹೋಗ್ಲಿ, ಅಲ್ಲಿ ಏನು ಹೇಳಿದ್ಲು? ಆ ಉಸಿರು ಎಳ್ಕೊಂಡು ಏನಂದ್ಲು? ಅದಾದ್ರೂ ಹೇಳಿ."

"ನೆನಪಿಲ್ಲ" ಅಂದ. "ವಾರದಿಂದ ಯೋಚನೆ ಮಾಡ್ತಿದೀನಿ ಅತ್ತೆ. ಏನೋ ತಮಾಷೆ ಮಾಡಿದ್ಲು. ಅಣ್ಣ ನಕ್ಕ. ನಾನು ನಗ್ಲಿಲ್ಲ. ನಾನು ಕೇಳಿಸ್ಕೊಳ್ಳಲೇ ಇಲ್ಲ."

ಅವನ ಕಪಾಳಕ್ಕೆ ಒಂದು ಬಿಡೋಣ ಅನ್ನಿಸಿತು. ನಿಜವಾಗಿ ಕೈಯೆತ್ತಿಕೊಂಡು ಎದ್ದೂ ನಿಂತೆ. ಅಷ್ಟರಲ್ಲಿ ಪುಟ್ಟಿ ಎಡಗಡೆಯ ಸ್ಪೀಕರಿನ ಬುಡದಿಂದ ಕೇಳಿದಳು.

"ಅಪ್ಪ, ಅಮ್ಮ ಯಾಕೆ ಮಾತಾಡ್ಲಿಲ್ಲ?"

"ನಾನು ಸುಮ್ನಿರು ಅಂದಿದ್ದೆ ಕಂದಾ."

"ಇವಾಗ ಮಾತಾಡಬಹುದು ಅಂತ ಹೇಳಪ್ಪ" ಅಂದಳು.

ಅವನು ಕೈಯಲ್ಲಿದ್ದ ನನ್ನ ಟೇಪನ್ನು ಬೆರಳಿಗೆ ಸುತ್ತುತ್ತ, ಸುತ್ತುತ್ತ, ಬೆರಳು ನೀಲಿಯಾಗುವಷ್ಟು ಬಿಗಿದುಕೊಂಡ. ಪುಟ್ಟಿ ಕಾದು ಕಾದು ತಾನೇ ಸ್ಪೀಕರಿನ ಜಾಲರಿಗೆ ಬಾಯಿ ಹಚ್ಚಿ, "ಅಮ್ಮಾ, ಒಂದು ನಿಮಿಷ ಆಯ್ತು. ಅಪ್ಪ ಬೈಯಲ್ಲ" ಅಂದಳು.

ಆಗ ಅವನು ಕುಸಿದು ಕೂತ. ಎತ್ತಿದ್ದ ನನ್ನ ಕೈ ಅವನ ತಲೆಯ ಮೇಲೆ ಇಳಿಯಿತು. ಯಾವ ಮುಖ ಇಟ್ಟುಕೊಂಡು ಹೊಡೆಯಲಿ? ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, "ಸುಮ್ನಿರೇ, ಅಳತೆ ತಪ್ಪುತ್ತೆ" ಎಂದು ನಾನೇ ಅವಳನ್ನು ಎಷ್ಟು ಸಾವಿರ ಸಲ ಗದರಿಲ್ಲ? ಅವಳು ಹೇಳಲು ಬಂದದ್ದು ಏನು ಎಂದು ನಾನಾದರೂ ಯಾವತ್ತು ಕೇಳಿದ್ದೆ?

"ಅಳೋ" ಅಂದೆ. "ಅತ್ತುಬಿಡೋ ಮಗನೇ." ನಾನೂ ಅತ್ತೆ. ಬೀದಿಗೆ ಕೇಳಿದರೆ ಕೇಳಲಿ ಎಂದು ಅತ್ತೆ.

ಮಾರನೆಯ ದಿನ ಶಾಲೆಯಿಂದ ಬಂದು ಪುಟ್ಟಿ ಗೊಂಬೆಗಳನ್ನು ಸಾಲಾಗಿ ಕೂರಿಸಿದಳು. ಅಜ್ಜಿ ಗೊಂಬೆ ಗುಂಡುಸೂಜಿ ಜೋಕೆ ಅಂದಿತು. ಅಪ್ಪ ಗೊಂಬೆ, ಎಲ್ಲರೂ ಸುಮ್ನಿರಿ ಅಂದಿತು. ಅಮ್ಮ ಗೊಂಬೆಯ ಸರದಿ ಬಂದಾಗ ಅದನ್ನು ಎತ್ತಿಕೊಂಡು, ಮೂಗಿನಿಂದ ಸೊಂಯ್ ಎಂದು ಉಸಿರೆಳೆದಳು. ಬಾಯಿ ತೆರೆದಳು. ತೆರೆದುಕೊಂಡೇ, ಮುಂದೆ ಏನು ಹೇಳಿಸಬೇಕು ಎಂದು ನನ್ನ ಮುಖ ನೋಡಿದಳು.